ಯುಪಿಐ ನೋಟಿಸ್: ಗಡಿಯ ಈಚೆಗಿನ ಸಣ್ಣ ವ್ಯಾಪಾರಿಗೂ ಅದರಲ್ಲಿ ಪಾಠವಿದೆ

2025ರ ಜುಲೈಯಲ್ಲಿ ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ 29 ಲಕ್ಷ ರೂಪಾಯಿ ಜಿಎಸ್‌ಟಿ ಕಟ್ಟುವಂತೆ ನೋಟಿಸ್ ಬಂತು. ನಾಲ್ಕು ವರ್ಷಗಳಲ್ಲಿ ಅವರ ಖಾತೆಗೆ ಡಿಜಿಟಲ್ ಪಾವತಿಯಾಗಿ ಬಂದ ಹಣ ಒಟ್ಟು 1.63 ಕೋಟಿ ರೂಪಾಯಿ. ಹೊರಗಿನಿಂದ ನೋಡಿದರೆ ದೊಡ್ಡ ಮೊತ್ತ. ನಾಲ್ಕರಿಂದ ಭಾಗಿಸಿದರೆ ವರ್ಷಕ್ಕೆ ಸುಮಾರು 41 ಲಕ್ಷ, ದಿನಕ್ಕೆ 11 ಸಾವಿರದ ಆಸುಪಾಸು. ಅದು ಲಾಭವಲ್ಲ, ಬರೀ ವ್ಯಾಪಾರ. ಅದೂ ತೆರಿಗೆಯೇ ಇಲ್ಲದ ಹಸಿ ತರಕಾರಿಯ ವ್ಯಾಪಾರ. ಕೇಳಿದ್ದು ಮಾತ್ರ ಒಟ್ಟು ಮೊತ್ತದ ಶೇಕಡಾ 18ರ ಹತ್ತಿರ ಹತ್ತಿರ.

ಇದು ಒಬ್ಬರ ಕಥೆ ಆಗಿರಲಿಲ್ಲ. ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆ 2021-22ರಿಂದ 2024-25ರವರೆಗಿನ ಯುಪಿಐ ಲೆಕ್ಕ ತರಿಸಿಕೊಂಡು ಸಾವಿರಾರು ಬೇಕರಿ, ಹಾಲಿನ ಅಂಗಡಿ, ಕಾಂಡಿಮೆಂಟ್ಸ್‌ನವರಿಗೆ ನೋಟಿಸ್ ಕಳುಹಿಸಿತ್ತು. ಬೆಂಗಳೂರಿನ ಅಂಗಡಿಗಳಲ್ಲಿ ಕ್ಯೂಆರ್ ಕೋಡ್ ಮಾಯವಾಗಿ ‘ಯುಪಿಐ ಇಲ್ಲ, ನಗದು ಮಾತ್ರ’ ಎಂಬ ಬೋರ್ಡ್ ನೇತಾಡತೊಡಗಿತು. ಬಂದ್ ಕರೆಯೂ ಬಂತು. ಕೊನೆಗೆ ಮುಖ್ಯಮಂತ್ರಿ ಸಿದ್ದರಾಮಯ್ಯ ಜುಲೈ 23ರಂದು ವ್ಯಾಪಾರಿಗಳ ಜೊತೆ ಸಭೆ ನಡೆಸಿ, ಹಳೆಯ ಬಾಕಿ ವಸೂಲಿ ಮಾಡುವುದಿಲ್ಲ, ಆದರೆ ಇನ್ನು ಮುಂದೆ ನೋಂದಣಿ ಮಾಡಿಕೊಳ್ಳಬೇಕು ಎಂದರು. ಗಲಾಟೆ ತಣ್ಣಗಾಯಿತು.

ಉಪ್ಪಳ, ಹೊಸಂಗಡಿ, ಕುಂಬಳೆಯ ಅಂಗಡಿಗಳಲ್ಲಿ ಆ ಸುದ್ದಿಯನ್ನು ಪಕ್ಕದ ಮನೆಯ ಜಗಳದಂತೆ ನೋಡಿದವರೇ ಹೆಚ್ಚು. ‘ಅದು ಕರ್ನಾಟಕದ್ದಲ್ವಾ ಮಾರಾಯ, ನಮಗೆಂಥ?’ ಎಂಬ ಮಾತಿಗೆ ಉತ್ತರ ಸರಳ. ಜಿಎಸ್‌ಟಿ ಇಡೀ ದೇಶಕ್ಕೆ ಒಂದೇ ಚೌಕಟ್ಟಿನ ಕಾನೂನು. ಕರ್ನಾಟಕದ ಇಲಾಖೆ ಮಾಡಿದ್ದನ್ನು ಬೇರೆ ರಾಜ್ಯದ ಇಲಾಖೆಯೂ ಮಾಡಬಹುದು. ಕರ್ನಾಟಕದ ಮುಖ್ಯಮಂತ್ರಿ ಕೊಟ್ಟ ಭರವಸೆ ಮಾತ್ರ ತಲಪಾಡಿ ದಾಟಿ ಈಚೆಗೆ ಬರುವುದಿಲ್ಲ.

ಯಾರಿಗೆ 40 ಲಕ್ಷ, ಯಾರಿಗೆ 20 ಲಕ್ಷ?

‘40 ಲಕ್ಷದವರೆಗೆ ಜಿಎಸ್‌ಟಿ ಬೇಡ’ ಎಂಬುದು ಎಲ್ಲರ ಬಾಯಲ್ಲಿರುವ ಮಾತು. ಅದು ಅರ್ಧ ಸತ್ಯ. ಕೇರಳದಲ್ಲೂ ಕರ್ನಾಟಕದಲ್ಲೂ ವರ್ಷಕ್ಕೆ 40 ಲಕ್ಷದ ಮಿತಿ ಇರುವುದು ಬರೀ ಸರಕು ಮಾರುವವರಿಗೆ. ಸೇವೆ ಕೊಡುವವರಿಗೆ ಮಿತಿ 20 ಲಕ್ಷ. ಎಡವುವುದು ಇಲ್ಲೇ.

ಹೋಟೆಲಿನಲ್ಲಿ ಊಟ, ಚಹಾ ಬಡಿಸುವುದು ಕಾನೂನಿನ ಕಣ್ಣಿನಲ್ಲಿ ಸೇವೆ. ಆದ್ದರಿಂದ ಸಣ್ಣ ಹೋಟೆಲಿಗೆ 20 ಲಕ್ಷವೇ ಮಿತಿ. ಅಂದರೆ ದಿನಕ್ಕೆ ಸುಮಾರು 5,500 ರೂಪಾಯಿ ವ್ಯಾಪಾರ. ರಾಷ್ಟ್ರೀಯ ಹೆದ್ದಾರಿಯ ಬದಿಯಲ್ಲಿ ಬಿರಿಯಾನಿ ಮಾರುವ ಹೋಟೆಲಿಗೆ ಅದು ದೊಡ್ಡ ಮೊತ್ತವೇನಲ್ಲ. ಮೊಬೈಲ್ ಮಾರುವುದರ ಜೊತೆ ರಿಪೇರಿಯನ್ನೂ ಮಾಡುವ ಅಂಗಡಿ ‘ಬರೀ ಸರಕು’ ಮಾರುವ ಗುಂಪಿಗೆ ಸೇರುವುದಿಲ್ಲ. ಅದಕ್ಕೂ 20 ಲಕ್ಷ. ಐಸ್‌ಕ್ರೀಂ, ಪಾನ್ ಮಸಾಲಾ, ಬೀಡಿ-ಸಿಗರೇಟು ಮಾರುವವರನ್ನೂ 40 ಲಕ್ಷದ ಸೌಲಭ್ಯದಿಂದ ಹೊರಗಿಡಲಾಗಿದೆ. ಗೂಡಂಗಡಿಯಲ್ಲಿ ಬಾಳೆಹಣ್ಣಿನ ಗೊನೆಯ ಪಕ್ಕದಲ್ಲಿರುವ ಸಿಗರೇಟು ಪ್ಯಾಕು ಇಡೀ ಅಂಗಡಿಯ ಮಿತಿಯನ್ನೇ ಅರ್ಧಕ್ಕೆ ಇಳಿಸಬಹುದು.

ಎರಡನೆಯ ತಪ್ಪು ತಿಳಿವಳಿಕೆ ತೆರಿಗೆ ಇಲ್ಲದ ಮಾಲಿನ ಬಗ್ಗೆ. ಹಾಲು, ಹಸಿ ತರಕಾರಿ, ಹಸಿ ಮೀನು ಮಾತ್ರ ಮಾರುವವರು ಎಷ್ಟೇ ವ್ಯಾಪಾರ ಮಾಡಿದರೂ ಜಿಎಸ್‌ಟಿ ನೋಂದಣಿ ಬೇಕಿಲ್ಲ. ಆದರೆ ಅದೇ ಅಂಗಡಿಯಲ್ಲಿ ಬಿಸ್ಕತ್ತು, ಸೋಪು, ಸೋಡಾ ಇಟ್ಟರೆ ಕಥೆ ಬೇರೆ. ಆಗ ಮಿತಿ ದಾಟಿತೇ ಎಂದು ನೋಡುವಾಗ ಹಾಲು-ತರಕಾರಿಯ ವ್ಯಾಪಾರವೂ ಲೆಕ್ಕಕ್ಕೆ ಸೇರುತ್ತದೆ. 30 ಲಕ್ಷದ ತರಕಾರಿ, 12 ಲಕ್ಷದ ಜೀನಸು ಮಾರಿದರೆ ಒಟ್ಟು 42 ಲಕ್ಷ, ನೋಂದಣಿ ಕಡ್ಡಾಯ. ತೆರಿಗೆ ಬೀಳುವುದು ಮಾತ್ರ 12 ಲಕ್ಷದ ಮೇಲೆ. ನೋಂದಣಿಯ ಲೆಕ್ಕ ಬೇರೆ, ತೆರಿಗೆಯ ಲೆಕ್ಕ ಬೇರೆ. ಹಾವೇರಿಯ ಪ್ರಕರಣದಲ್ಲಿ ಗೊಂದಲ ಎದ್ದದ್ದೂ ಯಾವ ಮಾಲು ಎಷ್ಟು ಎಂದು ವಿಂಗಡಿಸದೆ ಖಾತೆಗೆ ಬಂದ ಒಟ್ಟು ಹಣಕ್ಕೆ ತೆರಿಗೆ ಹಾಕಿದ್ದರಿಂದ.

ಮಿತಿಯನ್ನು ಅಂಗಡಿಯ ಲೆಕ್ಕದಲ್ಲಿ ನೋಡುವುದಿಲ್ಲ, ಪಾನ್ ಕಾರ್ಡಿನ ಲೆಕ್ಕದಲ್ಲಿ ನೋಡುತ್ತಾರೆ. ಒಬ್ಬರದೇ ಹೆಸರಿನಲ್ಲಿ ಮಂಗಳೂರಿನಲ್ಲೊಂದು, ಮಂಜೇಶ್ವರದಲ್ಲೊಂದು ಅಂಗಡಿ ಇದ್ದರೆ ಎರಡರ ವ್ಯಾಪಾರವನ್ನೂ ಕೂಡಿಸಬೇಕು. ನೋಂದಣಿ ಮಾತ್ರ ಎರಡು ರಾಜ್ಯಗಳಲ್ಲಿ ಬೇರೆ ಬೇರೆ.

ಗಡಿ ದಾಟುವ ಮಾಲು

ಕಾಸರಗೋಡಿನವರಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಇದು. ತೆರಿಗೆ ಇರುವ ಸರಕನ್ನು ಒಂದು ರಾಜ್ಯದಿಂದ ಇನ್ನೊಂದಕ್ಕೆ ಮಾರಿದರೆ 40 ಲಕ್ಷವೂ ಇಲ್ಲ, 20 ಲಕ್ಷವೂ ಇಲ್ಲ. ಕರಕುಶಲ ವಸ್ತುಗಳಂಥ ಕೆಲವನ್ನು ಬಿಟ್ಟರೆ ಮೊದಲ ರೂಪಾಯಿಯಿಂದಲೇ ನೋಂದಣಿ ಬೇಕು. ಕಾಸರಗೋಡಿನಿಂದ ತಿರುವನಂತಪುರಕ್ಕೆ ಕಳುಹಿಸಿದರೆ ಅದು ರಾಜ್ಯದೊಳಗಿನ ವ್ಯಾಪಾರ. ಹತ್ತಿರದ ಉಳ್ಳಾಲಕ್ಕೆ ಕಳುಹಿಸಿದರೆ ಅಂತರ್‌ರಾಜ್ಯ ವ್ಯಾಪಾರ. ಮದುವೆಯ ಸಂಬಂಧ, ಆಸ್ಪತ್ರೆ, ಕಾಲೇಜು ಎಲ್ಲಕ್ಕೂ ಮಂಗಳೂರನ್ನೇ ಹಿಡಿದ ಊರಿನವರಿಗೆ ಇದು ವಿಚಿತ್ರವೆನಿಸಬಹುದು. ಆದರೆ ಕಾನೂನು ದೂರ ಅಳೆಯುವುದಿಲ್ಲ, ಗಡಿಯನ್ನು ನೋಡುತ್ತದೆ.

ಮನೆಯಿಂದಲೇ ಇನ್‌ಸ್ಟಾಗ್ರಾಂನಲ್ಲಿ ಬಟ್ಟೆ, ಅತ್ತರು, ಕೇಕ್ ಮಾರುವ ಯುವಕ-ಯುವತಿಯರು ಇದನ್ನು ವಿಶೇಷವಾಗಿ ಗಮನಿಸಬೇಕು. ತಿಂಗಳಿಗೆ ಹತ್ತು ಸಾವಿರದ ವ್ಯಾಪಾರವೇ ಆದರೂ ಮಂಗಳೂರಿಗೆ, ಬೆಂಗಳೂರಿಗೆ ಪಾರ್ಸೆಲ್ ಹೋಗುತ್ತಿದ್ದರೆ ನೋಂದಣಿಯ ಪ್ರಶ್ನೆ ಎದುರಾಗುತ್ತದೆ. ಗಿರಾಕಿ ತಾನೇ ಅಂಗಡಿಗೆ ಬಂದು ಕೈಯಲ್ಲಿ ಕೊಂಡುಹೋದರೆ ಸಾಧಾರಣವಾಗಿ ತೊಂದರೆಯಿಲ್ಲ, ಅದು ರಾಜ್ಯದೊಳಗಿನ ಮಾರಾಟ. ಮಂಗಳೂರಿನಿಂದ ಮಾಲು ತಂದು ಇಲ್ಲಿ ಮಾರುವುದರಿಂದಲೂ ನೋಂದಣಿ ಕಡ್ಡಾಯವಾಗುವುದಿಲ್ಲ. ಆ ನಿಯಮ ಇರುವುದು ಮಾರುವವರಿಗೆ, ಖರೀದಿಸುವವರಿಗಲ್ಲ.

ಅಡಿಕೆಯಲ್ಲಿ ಈ ವ್ಯತ್ಯಾಸ ಚೆನ್ನಾಗಿ ಕಾಣುತ್ತದೆ. ಸ್ವಂತ ತೋಟದ ಅಡಿಕೆ ಮಾರುವ ಕೃಷಿಕನಿಗೆ ನೋಂದಣಿ ಬೇಕಿಲ್ಲ. ಅದೇ ಒಣ ಅಡಿಕೆಯನ್ನು ಹತ್ತು ಮನೆಗಳಿಂದ ಖರೀದಿಸಿ ಮಂಗಳೂರಿನ ಮಂಡಿಗೆ ಹಾಕುವ ವ್ಯಾಪಾರಿಗೆ ಬೇಕು. ಸಾಗಿಸುವ ಸರಕಿನ ಬೆಲೆ 50 ಸಾವಿರ ರೂಪಾಯಿ ದಾಟಿದರೆ ಇ-ವೇ ಬಿಲ್ ಕೂಡ ಬೇಕು. ಅದಿಲ್ಲದೆ ಸಿಕ್ಕಿಬಿದ್ದರೆ ಗಾಡಿ ಮತ್ತು ಮಾಲು ಎರಡನ್ನೂ ತಡೆಹಿಡಿಯಬಹುದು.

ಕಾಂಪೊಸಿಷನ್ ಎಂಬ ಸುಲಭ ದಾರಿ

ಮಿತಿ ದಾಟಿದ ಕೂಡಲೇ ಶೇಕಡಾ 18 ಕಟ್ಟಬೇಕೆಂದೇನಿಲ್ಲ. ವರ್ಷಕ್ಕೆ ಒಂದೂವರೆ ಕೋಟಿ ರೂಪಾಯಿವರೆಗಿನ ವ್ಯಾಪಾರಿಗಳಿಗೆ ಕಾಂಪೊಸಿಷನ್ ಸ್ಕೀಮ್ ಇದೆ. ಸರಕು ವ್ಯಾಪಾರಿ ತೆರಿಗೆಯುಳ್ಳ ಮಾಲಿನ ವಹಿವಾಟಿನ ಶೇಕಡಾ 1, ಹೋಟೆಲಿನವರು ಶೇಕಡಾ 5 ಕಟ್ಟಿದರೆ ಸಾಕು. ಮೂರು ತಿಂಗಳಿಗೊಮ್ಮೆ ತೆರಿಗೆ, ವರ್ಷಕ್ಕೊಂದು ರಿಟರ್ನ್. 25 ಲಕ್ಷದ ಜೀನಸು ಮಾರುವವರಿಗೆ ವರ್ಷಕ್ಕೆ 25 ಸಾವಿರ ರೂಪಾಯಿ, ತಿಂಗಳಿಗೆ ಸುಮಾರು ಎರಡು ಸಾವಿರ.

ಆದರೆ ಇದಕ್ಕೂ ಷರತ್ತುಗಳಿವೆ. ಗಿರಾಕಿಯಿಂದ ತೆರಿಗೆ ವಸೂಲಿ ಮಾಡುವಂತಿಲ್ಲ, ಅದು ಕೈಯಿಂದಲೇ ಹೋಗಬೇಕು. ಖರೀದಿಯಲ್ಲಿ ಕೊಟ್ಟ ತೆರಿಗೆ ವಾಪಸು ಸಿಗುವುದಿಲ್ಲ. ಹೊರರಾಜ್ಯಕ್ಕೆ ಸರಕು ಮಾರುವಂತಿಲ್ಲ. ಹಾಗಾಗಿ ಊರಿನ ಗಿರಾಕಿಯನ್ನೇ ನಂಬಿದ ಅಂಗಡಿಗೆ ಇದು ಒಳ್ಳೆಯದು, ಮಂಗಳೂರಿಗೆ ಮಾಲು ಕೊಡುವವರಿಗೆ ಆಗದು. ಮುಖ್ಯವಾಗಿ, ನೋಟಿಸ್ ಬಂದ ಮೇಲೆ ‘ಹಿಂದಿನ ನಾಲ್ಕು ವರ್ಷಕ್ಕೂ ಶೇಕಡಾ 1 ಲೆಕ್ಕ ಹಾಕಿ’ ಎಂದು ಹಕ್ಕಿನಿಂದ ಕೇಳಲು ಬರುವುದಿಲ್ಲ. ಸಮಯಕ್ಕೆ ನೋಂದಣಿ ಮಾಡಿದವರಿಗೆ ಮಾತ್ರ ಈ ದಾರಿ.

ನೋಂದಣಿ ಮಾಡಿ ಮರೆತುಬಿಡುವುದೂ ಅಷ್ಟೇ ಅಪಾಯ. ಎರಡು ವರ್ಷ ಅಂಗಡಿ ನಡೆಸಿ, ನಷ್ಟವಾಗಿ, ಬಾಗಿಲು ಹಾಕಿ ಮತ್ತೆ ಗಲ್ಫ್ ವಿಮಾನ ಹತ್ತುವುದು ಈ ಭಾಗದಲ್ಲಿ ಹೊಸತಲ್ಲ. ಸಾಮಾನ್ಯ ನೋಂದಣಿ ಇರುವವರು ವ್ಯಾಪಾರವಿಲ್ಲದ ಅವಧಿಗೂ ಶೂನ್ಯ ರಿಟರ್ನ್ ಹಾಕಬೇಕು. ತಡವಾದರೆ ದಿನಕ್ಕೆ 20 ರೂಪಾಯಿ ದಂಡ ಬೆಳೆಯುತ್ತದೆ. ಹೊರಡುವ ಮೊದಲು ನೋಂದಣಿ ರದ್ದು ಮಾಡಿಸುವುದು ಒಂದು ಅರ್ಜಿಯ ಕೆಲಸ.

ಮನೆಯ ಹಣ, ಅಂಗಡಿಯ ಹಣ

ಖಾತೆಗೆ ಬಂದದ್ದೆಲ್ಲ ವ್ಯಾಪಾರವಲ್ಲ. ದುಬೈಯಿಂದ ಅಣ್ಣ ಕಳುಹಿಸಿದ ಹಣ, ಭಾವನಿಂದ ಪಡೆದ ಸಾಲ, ಗೆಳೆಯರು ಸೇರಿ ಯಾರದೋ ಚಿಕಿತ್ಸೆಗೆ ಒಟ್ಟು ಮಾಡಿದ ಮೊತ್ತ ಎಲ್ಲವೂ ಅಂಗಡಿಯ ಅದೇ ಕ್ಯೂಆರ್ ಕೋಡಿಗೆ ಬಿದ್ದರೆ ಅಧಿಕಾರಿಗೆ ಒಂದೇ ಮೊತ್ತ ಕಾಣುತ್ತದೆ. ‘ಇದು ವ್ಯಾಪಾರದ್ದಲ್ಲ’ ಎಂದು ತೋರಿಸುವ ಹೊಣೆ ಅಂಗಡಿಯವರದ್ದು. ಮೂರು ವರ್ಷದ ಹಿಂದಿನ 15 ಸಾವಿರ ಯಾರದ್ದು ಎಂದು ಯಾರಿಗೆ ನೆನಪಿರುತ್ತದೆ? ವ್ಯಾಪಾರಕ್ಕೆ ಬೇರೆ ಖಾತೆ, ಬೇರೆ ಕ್ಯೂಆರ್ ಕೋಡ್ ಇಟ್ಟುಕೊಂಡರೆ ಅರ್ಧ ಸಮಸ್ಯೆ ಮುಗಿಯಿತು.

ಸಂಬಂಧಿಕರ ನಡುವೆ ಬಡ್ಡಿಯಿಲ್ಲದ ಸಾಲ ಕೊಡುವುದು ಸಮುದಾಯದಲ್ಲಿ ಹಿಂದಿನಿಂದ ಬಂದ ಒಳ್ಳೆಯ ರೂಢಿ. ಅನೇಕ ಅಂಗಡಿಗಳು ನಿಂತಿರುವುದೇ ಅದರ ಮೇಲೆ. ಆದರೆ 20 ಸಾವಿರ ಅಥವಾ ಅದಕ್ಕಿಂತ ಹೆಚ್ಚಿನ ಸಾಲವನ್ನು ನಗದಾಗಿ ಪಡೆಯುವುದನ್ನು ಆದಾಯ ತೆರಿಗೆ ಕಾನೂನು ನಿಷೇಧಿಸುತ್ತದೆ. ಪಡೆದಷ್ಟೇ ಮೊತ್ತದ ದಂಡ ಬೀಳಬಹುದು. ಬ್ಯಾಂಕ್ ಮೂಲಕ ಪಡೆದು ಒಂದು ಕಾಗದದಲ್ಲಿ ಬರೆದಿಟ್ಟರೆ ಕಾನೂನಿನ ತೊಡಕೂ ಇಲ್ಲ, ಮುಂದೆ ಅಣ್ಣ-ತಮ್ಮಂದಿರ ಮನಸ್ತಾಪವೂ ಇಲ್ಲ.

ಆದಾಯ ತೆರಿಗೆಯ ಬಗ್ಗೆ ಇರುವಷ್ಟು ಹೆದರಿಕೆ ಬೇಕಿಲ್ಲ. ಅಂದಾಜು ಲಾಭದ ವ್ಯವಸ್ಥೆಯಲ್ಲಿ 2 ಕೋಟಿವರೆಗಿನ ವಹಿವಾಟಿಗೆ ನಗದು ವ್ಯಾಪಾರದ ಶೇಕಡಾ 8, ಡಿಜಿಟಲ್ ವ್ಯಾಪಾರದ ಶೇಕಡಾ 6 ಲಾಭವೆಂದು ತೋರಿಸಬಹುದು. 40 ಲಕ್ಷವೂ ಯುಪಿಐಯಲ್ಲೇ ಬಂದರೆ ಲಾಭ 2.40 ಲಕ್ಷ. 2025-26ರಿಂದ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗಿನ ಇಂಥ ಆದಾಯಕ್ಕೆ ತೆರಿಗೆಯೇ ಇಲ್ಲ. ಅದೇ 40 ಲಕ್ಷ ನಗದಾಗಿ ಬಂದರೆ ಲಾಭ 3.20 ಲಕ್ಷ ಎಂದು ತೋರಿಸಬೇಕು. ಅಂದರೆ ಇಲ್ಲಿ ಕಾನೂನು ಯುಪಿಐ ಪರವಾಗಿಯೇ ಇದೆ. ಆದರೆ ಈ ಸೌಲಭ್ಯ ನಿವಾಸಿ ಭಾರತೀಯರಿಗೆ ಮಾತ್ರ. ಗಲ್ಫಿನಲ್ಲಿರುವ ಅಣ್ಣನ ಹೆಸರಿನಲ್ಲಿ ಅಂಗಡಿ ಇಟ್ಟು ತಮ್ಮ ನಡೆಸುತ್ತಿದ್ದರೆ, ಅನಿವಾಸಿಯಾದ ಅಣ್ಣನಿಗೆ ಇದು ಸಿಗುವುದಿಲ್ಲ. ಅಂಗಡಿ ಯಾರ ಹೆಸರಿನಲ್ಲಿರಬೇಕು ಎಂಬುದನ್ನು ಮೊದಲೇ ತೀರ್ಮಾನಿಸಬೇಕು.

ಕ್ಯೂಆರ್ ಕೋಡ್ ಕಿತ್ತರೆ?

ಬೆಂಗಳೂರಿನಲ್ಲಿ ಹಲವರು ಹಿಡಿದದ್ದು ಇದೇ ದಾರಿ. ಅದರಿಂದ ಸಿಗುವುದು ಸುಳ್ಳು ಧೈರ್ಯ. ಮಿತಿಯ ಲೆಕ್ಕದಲ್ಲಿ ನಗದೂ ಸೇರುತ್ತದೆ. ಸಗಟು ವ್ಯಾಪಾರಿಯ ಬಿಲ್ಲು, ಬ್ಯಾಂಕಿಗೆ ಕಟ್ಟಿದ ಹಣ ಎಲ್ಲವೂ ದಾಖಲೆಯೇ. ನೋಂದಣಿ ಮಾಡದವರ ಮೇಲೆ ಐದು ವರ್ಷ ಹಿಂದಕ್ಕೆ ಹೋಗಿ ತೆರಿಗೆ ನಿರ್ಧರಿಸುವ ಅಧಿಕಾರ ಇಲಾಖೆಗಿದೆ. ತೆರಿಗೆಯ ಜೊತೆ ವರ್ಷಕ್ಕೆ ಶೇಕಡಾ 18 ಬಡ್ಡಿ, ಮೇಲೆ ದಂಡ. ನಗದಿಗೆ ಮರಳಿದವರು ಕಳೆದುಕೊಳ್ಳುವುದು ಇನ್ನೊಂದಿದೆ: ಬ್ಯಾಂಕಿಗೆ ಹೋಗಿ ಸಾಲ ಕೇಳುವಾಗ ತೋರಿಸಲು ಕೈಯಲ್ಲಿ ಏನೂ ಇರುವುದಿಲ್ಲ.

ಹಾಗೆಂದು ತಪ್ಪೆಲ್ಲ ವ್ಯಾಪಾರಿಯದ್ದೇ ಎನ್ನುವುದು ನ್ಯಾಯವಲ್ಲ. ನಾಲ್ಕು ವರ್ಷ ಸುಮ್ಮನಿದ್ದು ಒಮ್ಮೆಲೇ ಲಕ್ಷಗಳ ನೋಟಿಸ್ ಕೊಡುವುದಕ್ಕಿಂತ, ಮಿತಿ ದಾಟಿದ ಮೊದಲ ವರ್ಷವೇ ಒಂದು ಎಚ್ಚರಿಕೆಯ ಪತ್ರ ಕಳುಹಿಸಬಹುದಿತ್ತು. ಕಾಸರಗೋಡಿನ ಕನ್ನಡಿಗರಿಗೆ ಭಾಷೆಯ ಕಷ್ಟವೂ ಸೇರುತ್ತದೆ. ಕನ್ನಡ ಶಾಲೆಯಲ್ಲಿ ಕಲಿತ ವ್ಯಾಪಾರಿಗೆ ಇಂಗ್ಲಿಷ್ ನೋಟಿಸಿನ ಅರ್ಥ ಆಗುವಷ್ಟರಲ್ಲಿ ಉತ್ತರ ಕೊಡುವ ದಿನವೇ ಮುಗಿದಿರುತ್ತದೆ. ಭಾಷಾ ಅಲ್ಪಸಂಖ್ಯಾತ ಪ್ರದೇಶದಲ್ಲಿ ರಾಜ್ಯದ ಕಚೇರಿಗಳ ಜೊತೆ ಕನ್ನಡದಲ್ಲಿ ವ್ಯವಹರಿಸುವ ಹಕ್ಕನ್ನು ಕೇರಳದ ಕಾನೂನೇ ಕೊಟ್ಟಿದೆ. ತೆರಿಗೆಯ ತಿಳಿವಳಿಕೆಯನ್ನೂ ಕನ್ನಡದಲ್ಲಿ ಕೊಡಿ ಎಂದು ಸಂಘಟನೆಗಳು ಕೇಳಬೇಕಾದ ಹೊತ್ತಿದು.

ಅಲ್ಲಿಯವರೆಗೆ ಕೆಲಸ ಮನೆಯೊಳಗಿಂದಲೇ ಶುರುವಾಗಬಹುದು. ಈ ಊರುಗಳಲ್ಲಿ ಬಿಕಾಂ ಕಲಿತ ಮಕ್ಕಳು ಈಗ ಕಡಿಮೆಯಿಲ್ಲ. ಅವರು ವಾರಕ್ಕೊಂದು ಸಂಜೆ ಅಪ್ಪನ ಅಂಗಡಿಯಲ್ಲಿ ಕೂತು ಅಂದಿನ ನಗದು, ಯುಪಿಐ, ತೆರಿಗೆಯ ಮಾಲು, ತೆರಿಗೆಯಿಲ್ಲದ ಮಾಲು ಎಂದು ನಾಲ್ಕು ಸಾಲು ಬರೆಯುವ ಅಭ್ಯಾಸ ಮಾಡಿಸಬಹುದು. ಖರೀದಿ ಬಿಲ್ಲುಗಳನ್ನು ಒಂದು ಫೈಲಿಗೆ ಹಾಕಬಹುದು. ನೋಟಿಸ್ ಬಂದರೆ ಬಚ್ಚಿಡದೆ, ಹೇಳಿದ ದಿನದೊಳಗೆ ಬರಹದಲ್ಲಿ ಉತ್ತರ ಕೊಡಿಸಬಹುದು. ತರಕಾರಿ ಎಷ್ಟು, ಸೋಪು ಎಷ್ಟು, ಅಣ್ಣ ಕಳುಹಿಸಿದ್ದು ಎಷ್ಟು ಎಂದು ಆ ಪುಸ್ತಕ ಹೇಳಿದರೆ 29 ಲಕ್ಷದ ನೋಟಿಸಿಗೂ ಉತ್ತರವಿರುತ್ತದೆ. ಪುಸ್ತಕವೇ ಇಲ್ಲದಿದ್ದರೆ ಇಲಾಖೆ ಹಾಕಿದ್ದೇ ಲೆಕ್ಕ.