ಭರವಸೆಗೊಂದು ಲೆಕ್ಕ, ಭಯಕ್ಕೊಂದು ಲೆಕ್ಕ

1990ರ ಅಕ್ಟೋಬರ್‌ನಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞ ಜೂಲಿಯನ್ ಸೈಮನ್ ಅವರಿಗೆ ಅಂಚೆಯಲ್ಲಿ ಒಂದು ಚೆಕ್ ಬಂತು. ಮೊತ್ತ 576 ಡಾಲರ್ 7 ಸೆಂಟ್. ಕಳಿಸಿದವರು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜೀವವಿಜ್ಞಾನಿ ಪಾಲ್ ಎರ್ಲಿಕ್. ಹತ್ತು ವರ್ಷದ ಹಿಂದೆ ಇಬ್ಬರೂ ಕಟ್ಟಿದ್ದ ಪಂದ್ಯದ ಹಣ ಅದು. ಜನ ಹೆಚ್ಚಿದಂತೆ ಭೂಮಿಯ ಒಡಲು ಬರಿದಾಗುತ್ತದೆ, ಲೋಹಗಳ ಬೆಲೆ ಏರಲೇಬೇಕು ಎಂಬುದು ಎರ್ಲಿಕ್ ವಾದ. ಕೊರತೆ ಬಂದರೆ ಮನುಷ್ಯ ಬೇರೆ ದಾರಿ ಹುಡುಕಿಕೊಳ್ಳುತ್ತಾನೆ, ಬೆಲೆ ಇಳಿಯುತ್ತದೆ ಎಂಬುದು ಸೈಮನ್ ವಾದ. ತಾಮ್ರ, ಕ್ರೋಮಿಯಂ, ನಿಕ್ಕಲ್, ತವರ, ಟಂಗ್‌ಸ್ಟನ್ ಈ ಐದನ್ನು ಪಂದ್ಯಕ್ಕೆ ಆರಿಸಿಕೊಂಡಿದ್ದರು. ಆ ದಶಕದಲ್ಲಿ ಜಗತ್ತಿನ ಜನಸಂಖ್ಯೆ 80 ಕೋಟಿಗೂ ಹೆಚ್ಚು ಏರಿತು. ಹಣದುಬ್ಬರ ಕಳೆದು ನೋಡಿದರೆ ಐದೂ ಲೋಹಗಳ ಬೆಲೆ ಇಳಿದಿತ್ತು.

ಮನುಕುಲದ ನಾಳೆ ಒಳ್ಳೆಯದೇ ಇರುತ್ತದೆ ಎನ್ನುವವರು ಇಂದಿಗೂ ಈ ಚೆಕ್ಕನ್ನು ಎತ್ತಿ ತೋರಿಸುತ್ತಾರೆ. ತೋರಿಸಲಿ, ಆದರೆ ಅದರ ಮೇಲೆ ಪೂರ್ತಿ ಭಾರ ಹಾಕುವಂತಿಲ್ಲ. ತವರದ ಬೆಲೆಯನ್ನು ಎತ್ತಿ ಹಿಡಿದಿದ್ದ ಅಂತರರಾಷ್ಟ್ರೀಯ ತವರ ಮಂಡಳಿ 1985ರಲ್ಲಿ ಕುಸಿದುಬಿದ್ದದ್ದು ಸೈಮನ್ ಅವರ ಅದೃಷ್ಟ. ಇಪ್ಪತ್ತನೇ ಶತಮಾನದ ಬೇರೆ ಬೇರೆ ಹತ್ತು ವರ್ಷಗಳನ್ನು ಹಿಡಿದು ಲೆಕ್ಕ ಹಾಕಿದ ಅರ್ಥಶಾಸ್ತ್ರಜ್ಞರು, ಹೆಚ್ಚಿನ ಸಲ ಎರ್ಲಿಕ್ ಅವರೇ ಗೆಲ್ಲುತ್ತಿದ್ದರು ಎಂದು ತೋರಿಸಿಕೊಟ್ಟಿದ್ದಾರೆ.

ದೊಡ್ಡ ಪರೀಕ್ಷೆ ನಡೆದದ್ದು ಲೋಹದಲ್ಲಲ್ಲ, ಅನ್ನದಲ್ಲಿ. ಅದೂ ನಮ್ಮ ದೇಶದಲ್ಲೇ. 1968ರಲ್ಲಿ ಬಂದ ‘ದಿ ಪಾಪ್ಯುಲೇಷನ್ ಬಾಂಬ್’ ಪುಸ್ತಕದಲ್ಲಿ ಎರ್ಲಿಕ್, ಇನ್ನು ಏನು ಮಾಡಿದರೂ 1970ರ ದಶಕದಲ್ಲಿ ಕೋಟಿಗಟ್ಟಲೆ ಜನ ಹಸಿವಿನಿಂದ ಸಾಯುವುದು ತಪ್ಪದು ಎಂದು ಬರೆದಿದ್ದರು. ಅದಕ್ಕೂ ಒಂದು ವರ್ಷ ಮುಂಚೆ ಅಮೆರಿಕದ ಲೇಖಕರಾದ ಪ್ಯಾಡಕ್ ಸೋದರರು ಇನ್ನೂ ಕಠೋರವಾದ ಮಾತು ಹೇಳಿದ್ದರು: ಉಳಿಯಲಾರದ ದೇಶಗಳಿಗೆ ಅಮೆರಿಕದ ಧಾನ್ಯ ಕೊಡುವುದು ದಂಡ, ಭಾರತ ಅಂಥ ದೇಶ. ಇವತ್ತು ಓದಿದರೆ ಮೈ ಉರಿಯುತ್ತದೆ. ಆದರೆ ಆಗಿನ ಸ್ಥಿತಿ ಹಾಗೇ ಇತ್ತು. ಎರಡು ವರ್ಷ ಬೆನ್ನಿಗೆ ಬೆನ್ನು ಮಳೆ ಕೈಕೊಟ್ಟು, 1966ರಲ್ಲಿ ಸುಮಾರು ಒಂದು ಕೋಟಿ ಟನ್ ಧಾನ್ಯ ಹಡಗಿನಲ್ಲಿ ಬಂದು ನಮ್ಮ ಒಲೆ ಉರಿದಿತ್ತು. ಹಳೆ ಮೈಸೂರಿನ ಮಟ್ಟಿಗಂತೂ ಹಸಿವಿನ ಭಯ ಪುಸ್ತಕದಿಂದ ಕಲಿಯಬೇಕಾದದ್ದಲ್ಲ. 1876ರಿಂದ 78ರವರೆಗಿನ ಧಾತು-ಈಶ್ವರ ಸಂವತ್ಸರಗಳ ಬರಕ್ಕೆ ಮುನ್ನ 50 ಲಕ್ಷ ದಾಟಿದ್ದ ಸಂಸ್ಥಾನದ ಜನಸಂಖ್ಯೆ 1881ರ ಗಣತಿಯಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು.

ಆಮೇಲೆ ಆದದ್ದೇ ಬೇರೆ. 1966ರಲ್ಲಿ 18,000 ಟನ್ ಮೆಕ್ಸಿಕೋ ಗೋಧಿ ಬೀಜ ತರಿಸಿದರು. ಇದರ ಹಿಂದಿದ್ದ ವಿಜ್ಞಾನಿಗಳಾದ ನಾರ್ಮನ್ ಬೋರ್ಲಾಗ್, ಎಂ.ಎಸ್. ಸ್ವಾಮಿನಾಥನ್, ಆಗಿನ ಕೃಷಿ ಮಂತ್ರಿ ಸಿ. ಸುಬ್ರಮಣ್ಯಂ ಅವರ ಹೆಸರು ಎಲ್ಲರಿಗೂ ಗೊತ್ತು. ಎರ್ಲಿಕ್ ಪುಸ್ತಕ ಅಂಗಡಿಗೆ ಬಂದ 1968ರಲ್ಲೇ ಭಾರತದ ಗೋಧಿ ಬೆಳೆ ಹೊಸ ದಾಖಲೆ ಬರೆಯಿತು. ನಮ್ಮಲ್ಲಿ ಇನ್ನೊಂದು ಹೆಸರು ಸೇರಬೇಕು: ಮಂಡ್ಯದ ವಿ.ಸಿ. ಫಾರಂನಲ್ಲಿ ದುಡಿದ ರಾಗಿ ಲಕ್ಷ್ಮಣಯ್ಯ. ರಾಗಿ ತೆನೆಯೊಳಗಿನ ಹೂವು ಕಣ್ಣಿಗೆ ಸರಿಯಾಗಿ ಕಾಣದಷ್ಟು ಚಿಕ್ಕದು. ಗಂಡು, ಹೆಣ್ಣು ಎರಡೂ ಅದೇ ಹೂವಿನಲ್ಲಿದ್ದು, ಪರಾಗ ಹೊರಗಿನಿಂದ ಬರಲು ಹೆಚ್ಚು ಆಸ್ಪದವಿಲ್ಲದಂತೆ ಅದು ತನ್ನಲ್ಲೇ ಕಾಳು ಕಟ್ಟಿಕೊಂಡುಬಿಡುತ್ತದೆ. ಅಂಥ ಹೂವಿಗೆ ಬೇರೆ ತಳಿಯ ಪರಾಗ ಕೂಡಿಸುವುದೆಂದರೆ ಸಣ್ಣ ಕೆಲಸವಲ್ಲ. ನಮ್ಮ ರಾಗಿಯನ್ನು ಆಫ್ರಿಕಾದ ರಾಗಿಯೊಂದಿಗೆ ಕೂಡಿಸಿ ಅವರು ಇಂಡಾಫ್ ತಳಿಗಳನ್ನು ಕೊಟ್ಟರು. ಮಳೆ ನಂಬಿದ ಹೊಲದಲ್ಲೂ ಇಳುವರಿ ಏರಿತು. ಆಶಾವಾದ ಎಂದರೆ ಹಗಲುಗನಸು ಎನ್ನುವವರಿಗೆ ನಾನು ಈ ಹೊಲಗಳನ್ನು ತೋರಿಸುತ್ತೇನೆ.

ಆಶಾವಾದಿಗಳ ಪರ ಇಷ್ಟೇ ಅಲ್ಲ. 1800ರ ಹೊತ್ತಿಗೆ ಜಗತ್ತಿನಲ್ಲಿ ಹುಟ್ಟಿದ ಹತ್ತು ಮಕ್ಕಳಲ್ಲಿ ಐದು ವರ್ಷ ತುಂಬುವ ಮುಂಚೆ ಸುಮಾರು ನಾಲ್ಕು ಸಾಯುತ್ತಿದ್ದವು. ಈಗ ನೂರರಲ್ಲಿ ನಾಲ್ಕಕ್ಕಿಂತ ಕಡಿಮೆ. ಊರೂರನ್ನೇ ಬಡಿಯುತ್ತಿದ್ದ ಸಿಡುಬು ಭೂಮಿಯಿಂದಲೇ ಹೋಯಿತೆಂದು 1980ರಲ್ಲಿ ಸಾರಲಾಯಿತು. ಜನಸ್ಫೋಟದ ಭಯವೂ ತಿರುಗಿ ನಿಂತಿದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಹೆಣ್ಣಿಗೆ ಸರಾಸರಿ 1.7 ಮಕ್ಕಳು.

ಹಾಗಾದರೆ ಎರ್ಲಿಕ್ ಸೋತರು ಎಂದು ಪುಸ್ತಕ ಮುಚ್ಚಬಹುದೆ? ಕೋಲಾರಕ್ಕೆ ಹೋಗಿ ಕೊಳವೆಬಾವಿ ಕೊರೆಯುವ ಲಾರಿಯ ಪಕ್ಕ ನಿಲ್ಲಬೇಕು. ಸಾವಿರ ಅಡಿ ದಾಟಿದ ಮೇಲೂ ಬರೀ ಕಲ್ಲಿನ ಪುಡಿ ಬರುತ್ತಿರುತ್ತದೆ. ಹೊಲದ ಯಜಮಾನ ಪ್ರತಿ ಪೈಪಿಗೂ ಸಾಲ ಲೆಕ್ಕ ಹಾಕುತ್ತಿರುತ್ತಾನೆ. ಪಂಜಾಬಿನ ನೆಲದ ನೀರೂ ವರ್ಷ ವರ್ಷ ಕೆಳಗಿಳಿಯುತ್ತಿದೆ. ನಮ್ಮನ್ನು ಉಳಿಸಿದ ಬೆಳೆಗೆ ಬೆಲೆ ತೆತ್ತದ್ದು ನೆಲದಡಿಯ ನೀರು. 1970ರಲ್ಲಿ ನೊಬೆಲ್ ಪಡೆದಾಗ ಬೋರ್ಲಾಗ್ ಅವರೇ, ಇದು ಹಸಿವಿನ ವಿರುದ್ಧದ ತಾತ್ಕಾಲಿಕ ಗೆಲುವು ಮಾತ್ರ, ಸಿಕ್ಕಿರುವುದು ಒಂದಿಷ್ಟು ಕಾಲಾವಕಾಶ ಅಷ್ಟೇ ಎಂದು ಎಚ್ಚರಿಸಿದ್ದರು.

ನಿರಾಶಾವಾದಿಗಳ ಇನ್ನೂ ಗಟ್ಟಿಯಾದ ಮಾತು ಬೇರೆ ಇದೆ. ಬರ, ರೋಗ, ಬಡತನ ಇವುಗಳಲ್ಲಿ ಒಮ್ಮೆ ಎಡವಿದರೂ ಎದ್ದು ಮತ್ತೆ ಪ್ರಯತ್ನಿಸಬಹುದು. ಕೆಲವು ಅಪಾಯಗಳಲ್ಲಿ ಎರಡನೇ ಸಲ ಎಂಬುದೇ ಇಲ್ಲ. 1983ರ ಸೆಪ್ಟೆಂಬರ್ 26ರ ರಾತ್ರಿ ಮಾಸ್ಕೋ ಸಮೀಪದ ಎಚ್ಚರಿಕೆ ಕೇಂದ್ರದಲ್ಲಿ, ಅಮೆರಿಕದಿಂದ ಐದು ಕ್ಷಿಪಣಿಗಳು ಹೊರಟಿವೆ ಎಂದು ಕಂಪ್ಯೂಟರ್ ತೋರಿಸಿತು. ಪಾಳಿಯಲ್ಲಿದ್ದ ಅಧಿಕಾರಿ ಸ್ಟಾನಿಸ್ಲಾವ್ ಪೆಟ್ರೋವ್, ಯುದ್ಧ ಶುರು ಮಾಡುವವರು ಐದೇ ಕ್ಷಿಪಣಿ ಬಿಡುವುದಿಲ್ಲ ಎಂದು ಯೋಚಿಸಿ, ಅದು ಸುಳ್ಳು ಎಚ್ಚರಿಕೆ ಎಂದು ಮೇಲಿನವರಿಗೆ ವರದಿ ಮಾಡಿದ. ಮೋಡದ ಮೇಲೆ ಬಿದ್ದ ಬಿಸಿಲಿನ ಹೊಳಪನ್ನು ಉಪಗ್ರಹ ತಪ್ಪಾಗಿ ಓದಿತ್ತು. ಇಳಿಯುತ್ತಿರುವ ಶಿಶುಮರಣದ ಯಾವ ರೇಖೆಯಲ್ಲೂ ಆ ರಾತ್ರಿ ಕಾಣುವುದಿಲ್ಲ.

ಆಶಾವಾದಿ ನೋಡುವುದು ಸರಾಸರಿಯನ್ನು, ನಿರಾಶಾವಾದಿ ನೋಡುವುದು ಒಂದೇ ಒಂದು ಕೆಟ್ಟ ದಿನವನ್ನು. ಇಬ್ಬರ ಲೆಕ್ಕವೂ ಸರಿಯಾಗಿರಬಹುದು. ಮುಂದಿನ ನೂರು ವರ್ಷಗಳಲ್ಲಿ ಮನುಕುಲಕ್ಕೆ ಚೇತರಿಸಿಕೊಳ್ಳಲಾಗದ ಪೆಟ್ಟು ಬೀಳುವ ಸಾಧ್ಯತೆ ಆರರಲ್ಲಿ ಒಂದು ಎಂದು ಆಕ್ಸ್‌ಫರ್ಡ್‌ನ ತತ್ತ್ವಶಾಸ್ತ್ರಜ್ಞ ಟೋಬಿ ಆರ್ಡ್ 2020ರಲ್ಲಿ ಅಂದಾಜು ಮಾಡಿದರು. ಹಿಂದೆಂದೂ ಆಗದ್ದಕ್ಕೆ ಅಷ್ಟು ಖಚಿತವಾದ ಅಂಕಿ ಕೊಡುವುದನ್ನು ನಾನು ಒಪ್ಪಲಾರೆ. ಆದರೂ ಆಕಾಶದಿಂದ ಬೀಳುವ ಬಂಡೆಗಿಂತ ನಾವೇ ಮಾಡಿಕೊಂಡ ವಸ್ತುಗಳಿಂದಲೇ ಅಪಾಯ ಹೆಚ್ಚು ಎಂಬ ಅವರ ಮಾತು ಸರಿ.

ಭಯಪಟ್ಟವರಿಗೆ ಇನ್ನೊಂದು ಅನ್ಯಾಯವೂ ಆಗುತ್ತದೆ. ಫ್ರಿಜ್ಜಿನ ಅನಿಲ ಓಜೋನ್ ಪದರವನ್ನು ತಿನ್ನುತ್ತದೆ ಎಂದು ವಿಜ್ಞಾನಿಗಳಾದ ಮೊಲಿನಾ ಮತ್ತು ರೋಲಂಡ್ 1974ರಲ್ಲೇ ಹೇಳಿದರು, 1985ರಲ್ಲಿ ಅಂಟಾರ್ಕ್ಟಿಕಾದ ಮೇಲಿನ ರಂಧ್ರದ ವರದಿ ಬಂತು, 1987ರಲ್ಲಿ ಮಾಂಟ್ರಿಯಲ್ ಒಪ್ಪಂದವಾಯಿತು. ಈಗ ಪದರ ಚೇತರಿಸಿಕೊಳ್ಳುತ್ತಿದೆ. ಇದನ್ನೇ ಹಿಡಿದು, ಆಗ ಸುಮ್ಮನೆ ಹೆದರಿಸಿದರು ಎನ್ನುವವರಿದ್ದಾರೆ. ಹೆದರಿಸಿದ್ದರಿಂದಲೇ ಉಳಿಯಿತು! ಅದೇ ಹೊತ್ತಿಗೆ, ಸರಿಪಡಿಸಬಹುದು ಎಂದು ನಂಬದಿದ್ದರೆ ಆ ಒಪ್ಪಂದಕ್ಕೆ ಯಾವ ದೇಶವೂ ಸಹಿ ಹಾಕುತ್ತಿರಲಿಲ್ಲ.

ನನ್ನ ನಿಲುವು ಇಷ್ಟು. ತಿದ್ದಿಕೊಳ್ಳಲು ಆಗುವ ವಿಷಯದಲ್ಲಿ ಆಶಾವಾದಿಯ ಮಾತು ಕೇಳಿ ಧೈರ್ಯವಾಗಿ ಪ್ರಯೋಗ ಮಾಡಬೇಕು. ತಿದ್ದಿಕೊಳ್ಳಲು ಆಗದ ವಿಷಯದಲ್ಲಿ ನಿರಾಶಾವಾದಿಯ ಮಾತು ಕೇಳಬೇಕು. ಅಂಥ ಅಪಾಯ ದೂರದ ದೊಡ್ಡ ದೇಶಗಳ ಮಾತೇನಲ್ಲ. 2022ರ ಮಾರ್ಚ್ 9ರಂದು ನಮ್ಮ ಬ್ರಹ್ಮೋಸ್ ಕ್ಷಿಪಣಿಯೊಂದು ತಪ್ಪಿ ಹಾರಿ ಪಾಕಿಸ್ತಾನದ ಮಿಯಾಂ ಚನ್ನು ಎಂಬಲ್ಲಿ ಬಿತ್ತು. ಸಿಡಿತಲೆ ಇರಲಿಲ್ಲ, ಯಾರೂ ಸಾಯಲಿಲ್ಲ, ಆ ಕಡೆಯಿಂದ ಮರುದಾಳಿಯೂ ಬರಲಿಲ್ಲ. ಆ ಸಂಯಮ ದೊಡ್ಡದು, ಆಶಾವಾದಿ ಅದನ್ನು ತನ್ನ ಲೆಕ್ಕಕ್ಕೆ ಸೇರಿಸಿಕೊಳ್ಳಲಿ. ಆದರೆ ಕ್ಷಿಪಣಿ ಪರೀಕ್ಷೆಗೆ ಮುನ್ನ ಪರಸ್ಪರ ತಿಳಿಸಬೇಕೆಂದು ಎರಡು ದೇಶಗಳು 2005ರಲ್ಲಿ ಮಾಡಿಕೊಂಡ ಒಪ್ಪಂದ ಬ್ಯಾಲಿಸ್ಟಿಕ್ ಕ್ಷಿಪಣಿಗಳಿಗೆ ಮಾತ್ರ. ಬ್ರಹ್ಮೋಸ್‌ನಂಥ ಕ್ರೂಸ್ ಕ್ಷಿಪಣಿ ಅದರೊಳಗೆ ಬರುವುದೇ ಇಲ್ಲ. ಅವನ್ನೂ ಸೇರಿಸಿ ಆ ಒಪ್ಪಂದವನ್ನು ಮತ್ತೆ ಬರೆಯಬೇಕೆಂದು ದೆಹಲಿಯನ್ನೂ ಇಸ್ಲಾಮಾಬಾದನ್ನೂ ಕೇಳಲು ಇನ್ನೊಂದು ಕ್ಷಿಪಣಿ ತಪ್ಪಿ ಹಾರುವವರೆಗೆ ಕಾಯಬೇಕಾಗಿಲ್ಲ.