ಜೀಪನ್ನು ಎತ್ತರಿಸುವ ಮುನ್ನ

ಮಳೆ ಬಿಟ್ಟು ಅಡಿಕೆ ಕೊಯ್ಲು ಶುರುವಾಗುವ ಹೊತ್ತಿಗೆ ನಮ್ಮ ಗುಡ್ಡದ ಮನೆಗಳ ಅಂಗಳದಲ್ಲಿ ಈಗ ಒಂದು ಹೊಸ ಕೆಲಸ ಕಾಣಸಿಗುತ್ತದೆ. ಜೀಪಿಗೆ ಜಾಕಿ ಕೊಟ್ಟು, ಹಳೆಯ ಸ್ಪ್ರಿಂಗ್ ಪ್ಲೇಟುಗಳನ್ನು ಬಿಚ್ಚಿ, ಹೆಚ್ಚು ಬಾಗಿರುವ ಹೊಸ ಸ್ಪ್ರಿಂಗ್ ಹಾಕಿ ಗಾಡಿಯನ್ನು ಎತ್ತರಿಸುವುದು. ಸ್ಪ್ರಿಂಗ್ ಪಾರ್ಸೆಲಿನಲ್ಲಿ ಬರುತ್ತದೆ, ಕೂರಿಸುವ ಕ್ರಮವನ್ನು ಮೊಬೈಲಿನಲ್ಲೇ ನೋಡಿ ಕಲಿಯುತ್ತಾರೆ. “ಫಾದರ್, ನೋಡಿ, ಎರಡು ಇಂಚು ಮೇಲೆ ಬಂತು” ಎಂದು ಹುಡುಗರು ಹೆಮ್ಮೆಯಿಂದ ತೋರಿಸುತ್ತಾರೆ. ಕೈಕೆಲಸ ಬಲ್ಲ ಹುಡುಗರೆಂದರೆ ನನಗೂ ಮೆಚ್ಚುಗೆಯೇ. ಆದರೂ ಈ ಅಂಕಣದಲ್ಲಿ ಇದನ್ನು ಬರೆಯಬೇಕಾಯಿತು. ಕಳೆದ ವರ್ಷ ಇದೇ ಕೆಲಸ ಮಾಡುತ್ತಿದ್ದ ನಮ್ಮ ಒಬ್ಬ ಯುವಕನನ್ನು ನೋಡಲು ನಾನು ಆಸ್ಪತ್ರೆಗೆ ಹೋಗಬೇಕಾಗಿ ಬಂತು.

ಅವನು ಜಾಕಿಯನ್ನು ಎರಡು ಕೆಂಪುಕಲ್ಲುಗಳ ಮೇಲೆ ಇಟ್ಟಿದ್ದ. ಚಕ್ರ ಕಳಚಿ ಆಗಿತ್ತು. ತುಕ್ಕು ಹಿಡಿದ ಯು-ಬೋಲ್ಟಿನ ನಟ್ಟನ್ನು ಬಲವಾಗಿ ಎಳೆದಾಗ ಕಲ್ಲು ಬಿರಿಯಿತು, ಜಾಕಿ ಜಾರಿತು, ಬ್ರೇಕ್ ಡ್ರಮ್ಮು ನೇರ ಅವನ ಎಡಗೈಯ ಮೇಲೆ ಬಿತ್ತು. ಎರಡು ಬೆರಳು ಹೋದವು. ಆ ಹೊತ್ತಿಗೆ ಅವನ ತಲೆ ಚಾಸಿಸ್ಸಿನ ಅಡಿಯಲ್ಲಿ ಇರಲಿಲ್ಲ, ಅಷ್ಟೇ. ಅವನು ಅಡಿಕೆ ಮರ ಹತ್ತುವವನು. ಈಗ ಹತ್ತುವುದಿಲ್ಲ.

ಇಷ್ಟಕ್ಕೂ ಗಾಡಿಯನ್ನು ಎತ್ತರಿಸುವುದು ಯಾಕೆ? ಕೇಳಿದರೆ ಎಲ್ಲರದ್ದೂ ಒಂದೇ ಉತ್ತರ: ತೋಟದ ದಾರಿಯಲ್ಲಿ ಕಲ್ಲು ಅಡಿಗೆ ಬಡಿಯುತ್ತದೆ. ಸರಿ, ಬಡಿಯುವುದು ಯಾವುದಕ್ಕೆ? ಒಮ್ಮೆ ಬಗ್ಗಿ ನೋಡಿ. ಹಳೆಯ ಜೀಪಿನಲ್ಲಾಗಲಿ ಜಿಪ್ಸಿಯಲ್ಲಾಗಲಿ ಎಲ್ಲಕ್ಕಿಂತ ಕೆಳಗಿರುವುದು ಎಕ್ಸೆಲಿನ ನಡುವಿನ ಉರುಟು ಭಾಗ, ಡಿಫರೆನ್ಶಿಯಲ್. ಅದು ಚಕ್ರದ ಜೊತೆಗೇ ಇರುತ್ತದೆ. ಸ್ಪ್ರಿಂಗ್ ಇರುವುದು ಎಕ್ಸೆಲಿಗೂ ಚಾಸಿಸ್ಸಿಗೂ ನಡುವೆ. ಎಷ್ಟೇ ಎತ್ತರದ ಸ್ಪ್ರಿಂಗ್ ಹಾಕಿದರೂ ಡಿಫರೆನ್ಶಿಯಲ್ ಒಂದು ನೂಲಿನಷ್ಟೂ ಮೇಲೇರುವುದಿಲ್ಲ. ಮೇಲೇರುವುದು ಚಾಸಿಸ್ಸು, ಬಾಡಿ, ಅದರಲ್ಲಿ ಕುಳಿತ ನಾವು. ಎಕ್ಸೆಲ್ ಏರಬೇಕಾದರೆ ದೊಡ್ಡ ಟಯರೇ ಬೇಕು. ಅದರಲ್ಲೂ ವ್ಯಾಸ ಎರಡು ಇಂಚು ಹೆಚ್ಚಿದರೆ ಸಿಗುವುದು ಒಂದೇ ಇಂಚು. ಸಾವಿರಾರು ರೂಪಾಯಿ ಖರ್ಚು ಮಾಡಿದ ಮೇಲೂ ಅದೇ ಕಲ್ಲು ಅದೇ ಜಾಗಕ್ಕೆ ಬಡಿಯುತ್ತದೆ. ಅದಕ್ಕಿಂತ ಒಂದು ದಿನ ಹಾರೆ ಪಿಕ್ಕಾಸು ಹಿಡಿದು ಆ ಕಲ್ಲನ್ನೇ ಕಿತ್ತರೆ ಆಗದೇ?

ಸ್ಪ್ರಿಂಗ್ ಬದಲಾಯಿಸಲೇ ಬಾರದೆಂದು ನಾನು ಹೇಳುವುದಿಲ್ಲ. ವರ್ಷಾನುಗಟ್ಟಲೆ ಗೊಬ್ಬರ, ಕಲ್ಲು, ಅಡಿಕೆ ಗೋಣಿ ಹೊತ್ತ ಪ್ಲೇಟುಗಳು ಬಾಗು ಕಳೆದುಕೊಂಡು ಚಪ್ಪಟೆಯಾಗುತ್ತವೆ, ಗಾಡಿ ಒಂದು ಬದಿಗೆ ವಾಲುತ್ತದೆ. ಅಂಥದ್ದನ್ನು ಪ್ಲೇಟು ಕೆಲಸದವರಿಗೆ ಕೊಟ್ಟು ಬಾಗು ಹಿಡಿಸಬೇಕು, ಇಲ್ಲವೇ ಕಂಪೆನಿ ಅಳತೆಯ ಹೊಸದನ್ನು ಹಾಕಬೇಕು. ಎತ್ತರ ಕಮ್ಮಿಯಾಯಿತೆಂದು ದೂರುವ ಎಷ್ಟೋ ಜೀಪುಗಳಿಗೆ ಬೇಕಾದದ್ದು ಇಷ್ಟೇ.

ಅಳತೆ ಮೀರಿ ಎತ್ತರಿಸಿದರೆ ಒಂದರ ಹಿಂದೆ ಒಂದು ತೊಂದರೆ. ಚಕ್ರ ಗುಂಡಿಗೆ ಇಳಿದಾಗ ಬ್ರೇಕಿನ ರಬ್ಬರ್ ಹೋಸು ಬಿಗಿಯಾಗಿ ಎಳೆಯಲ್ಪಡುತ್ತದೆ. ಅದು ಹರಿದರೆ ಇಳಿಜಾರಿನಲ್ಲಿ ಗತಿಯೇನು? ಹಳೆಯ ಶಾಕ್ ಅಬ್ಸಾರ್ಬರಿನ ಉದ್ದ ಸಾಲುವುದಿಲ್ಲ. ಪ್ರೊಪೆಲ್ಲರ್ ಶಾಫ್ಟು ಓರೆಯಾಗಿ ಅದರ ಕ್ರಾಸುಗಳು ಬೇಗ ಸವೆಯುತ್ತವೆ. ಸ್ಟಿಯರಿಂಗ್ ರಾಡಿನ ಕೋನ ಬದಲಾಗಿ ಗಾಡಿ ಆಚೀಚೆ ಎಳೆಯತೊಡಗುತ್ತದೆ. ಭಾರ ಮೇಲಕ್ಕೆ ಹೋದ ಜೀಪು ಗುಡ್ಡದ ಅಡ್ಡ ಇಳಿಜಾರಿನಲ್ಲಿ ಬೇಗ ಮಗುಚುತ್ತದೆ, ಹಿಂದುಗಡೆ ಆಳುಗಳು ಕುಳಿತಿದ್ದರಂತೂ ಇನ್ನೂ ಬೇಗ. ಹೆಚ್ಚುವರಿ ಪ್ಲೇಟು ಸೇರಿಸಿದ ಗಾಡಿ ಖಾಲಿ ಇದ್ದಾಗ ಕಲ್ಲಿನಂತೆ ಗಟ್ಟಿ. ದಿನವೂ ಅದರಲ್ಲಿ ಕುಲುಕಿ ಕುಲುಕಿ ನಡು ನೋವಿನ ಮುಲಾಮಿಗೆ ದುಡ್ಡು ಸುರಿಯುವವರು ನಮ್ಮಲ್ಲೇ ಇದ್ದಾರೆ. ಬಸುರಿ ಹೆಂಗಸರನ್ನು ಆಸ್ಪತ್ರೆಗೆ ಒಯ್ಯುವುದೂ ಇದೇ ಜೀಪಿನಲ್ಲಿ.

ಕಾನೂನಿನ ವಿಷಯವೂ ಇದೆ. ಕಂಪೆನಿ ನಿಗದಿಪಡಿಸಿದ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಬದಲಾಯಿಸಬಾರದೆಂದು 1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಂ ಹೇಳುತ್ತದೆ. ನಮ್ಮ ಕೇರಳದಿಂದಲೇ ಹೋದ ಒಂದು ಮೊಕದ್ದಮೆಯಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನು ಎತ್ತಿಹಿಡಿದಿದೆ.

ಸವೆದ ಪ್ಲೇಟನ್ನು ಮನೆಯಲ್ಲೇ ಬದಲಾಯಿಸುತ್ತೇನೆ ಎನ್ನುವವರಿಗೆ: ನೆಲ ಸಮತಟ್ಟಾಗಿರಲಿ, ಗಟ್ಟಿಯಾಗಿರಲಿ, ಮಳೆಗೆ ಮೆತ್ತಗಾದ ಅಂಗಳ ಬೇಡ. ನೆಲದಲ್ಲಿ ಉಳಿಯುವ ಚಕ್ರಗಳಿಗೆ ಎರಡೂ ಬದಿ ಮರದ ತುಂಡು ಕೊಡಿ. ಜಾಕಿ ಇರುವುದು ಎತ್ತಲಿಕ್ಕೆ, ಹೊತ್ತು ನಿಲ್ಲಲಿಕ್ಕಲ್ಲ. ಎತ್ತಿದ ಕೂಡಲೇ ಚಾಸಿಸ್ಸಿನ ಅಡಿಗೆ ಎರಡೂ ಬದಿ ಕಬ್ಬಿಣದ ಸ್ಟ್ಯಾಂಡು ನಿಲ್ಲಿಸಿ, ಗಾಡಿಯನ್ನು ಅಲುಗಾಡಿಸಿ ನೋಡಿ, ಆಮೇಲೆ ಕೈ ಹಾಕಿ. ಕೆಂಪುಕಲ್ಲು, ಇಟ್ಟಿಗೆ ಖಂಡಿತ ಬೇಡ. ಎಕ್ಸೆಲಿಗೆ ಬೇರೆಯೇ ಜಾಕಿ ಇರಲಿ. ನಟ್ಟುಗಳಿಗೆ ಹಿಂದಿನ ದಿನವೇ ಎಣ್ಣೆ ಬಿಡಿ, ಯು-ಬೋಲ್ಟು ಹೊಸದೇ ಹಾಕಿ. ಸೆಂಟರ್ ಬೋಲ್ಟಿನ ತಲೆ ಎಕ್ಸೆಲಿನ ತೂತಿನಲ್ಲಿ ಸರಿಯಾಗಿ ಕುಳಿತಿದೆಯೇ ನೋಡಿ. ರಬ್ಬರ್ ಬುಷ್‌ನ ಬೋಲ್ಟುಗಳನ್ನು ಪೂರ್ತಿ ಬಿಗಿಯುವುದು ಚಕ್ರ ನೆಲ ಮುಟ್ಟಿ ಭಾರ ಬಿದ್ದ ಮೇಲೆ, ಮೊದಲಲ್ಲ. ನಾಲ್ಕು ದಿನ ಓಡಿಸಿ ಯು-ಬೋಲ್ಟು ಮತ್ತೊಮ್ಮೆ ಬಿಗಿಯಬೇಕು. ಬೊಲೆರೊದ ಮುಂಭಾಗ, 2020ರ ನಂತರದ ಥಾರ್, ಇವುಗಳಲ್ಲಿರುವುದು ಸುರುಳಿ ಸ್ಪ್ರಿಂಗ್. ಒತ್ತಿ ಕೂರಿಸಿದ ಸುರುಳಿ ಸಿಡಿದರೆ ದವಡೆ ಮುರಿಯುವಷ್ಟು ಬಲ ಅದಕ್ಕಿದೆ. ಅದನ್ನು ಮಾತ್ರ ಅಂಗಳದಲ್ಲಿ ಬಿಚ್ಚಬೇಡಿ, ಸಲಕರಣೆ ಇರುವ ವರ್ಕ್‌ಶಾಪಿಗೇ ಒಯ್ಯಿರಿ.

ಸ್ಟ್ಯಾಂಡಿಗೆ ದುಡ್ಡು ಯಾಕೆ ಹಾಕಬೇಕೆಂದು ಹಿಂಜರಿಯುವವರು ಇದ್ದಾರೆಂದು ಗೊತ್ತು. ಇಗರ್ಜಿಯ ಹಿಂದಿನ ಶೆಡ್ಡಿನಲ್ಲಿ ಒಂದು ಜೊತೆ ತಂದಿಟ್ಟಿದ್ದೇನೆ. ಬೇಕಾದವರು ಪುಸ್ತಕದಲ್ಲಿ ಹೆಸರು ಬರೆದು ಒಯ್ಯಬಹುದು. ಕೆಲಸ ಮುಗಿದ ಮರುದಿನ ದಯವಿಟ್ಟು ಹಿಂದೆ ತಂದಿಡಿ. ಹೋದ ತಿಂಗಳು ಒಯ್ದವರು ಇನ್ನೂ ತಂದಿಲ್ಲ.