ಅಡಗಿ ಬಾಳು ಎಂಬ ಷರತ್ತು

ಪ್ರಾಣಭಯದಿಂದ ಓಡಿಬಂದವನೊಬ್ಬನಿಗೆ, “ನಿನ್ನ ದೇಶಕ್ಕೆ ಹಿಂದಿರುಗು, ನೀನು ಯಾರೆಂಬುದನ್ನು ಯಾರಿಗೂ ತಿಳಿಯದಂತೆ ಮುಚ್ಚಿಟ್ಟುಕೋ, ಆಗ ನಿನಗೇನೂ ಆಗದು” ಎಂದು ಹೇಳಬಹುದೇ? 2010ರಲ್ಲಿ ಬ್ರಿಟನ್ನಿನ ಸರ್ವೋಚ್ಚ ನ್ಯಾಯಾಲಯದ ಮುಂದೆ ಈ ಪ್ರಶ್ನೆ ಬಂದಿತ್ತು. ಅರ್ಜಿದಾರರು ಇಬ್ಬರು ಸಲಿಂಗಪ್ರೇಮಿ ಪುರುಷರು, ಒಬ್ಬರು ಇರಾನಿನವರು, ಇನ್ನೊಬ್ಬರು ಕ್ಯಾಮರೂನಿನವರು. ಇರಾನಿನಲ್ಲಿ ಈ ಸಂಬಂಧಕ್ಕೆ ಮರಣದಂಡನೆಯವರೆಗೂ ಶಿಕ್ಷೆಯುಂಟು, ಕ್ಯಾಮರೂನಿನಲ್ಲಿ ಸೆರೆಮನೆ. ಆದರೂ ಕೆಳಹಂತದಲ್ಲಿ ಇಬ್ಬರ ಕೋರಿಕೆಯೂ ತಿರಸ್ಕೃತವಾಗಿತ್ತು. ಗುಟ್ಟಾಗಿ ಬಾಳಿದರೆ ಅಪಾಯವಿಲ್ಲ, ಅಂಥ ಬಾಳು ಸಹಿಸಲಾಗದಷ್ಟು ಕಠಿಣವೂ ಅಲ್ಲ ಎಂಬುದೇ ಕಾರಣ.

2010ರ ಜುಲೈ 7ರಂದು ಐವರು ನ್ಯಾಯಮೂರ್ತಿಗಳು ಒಮ್ಮತದಿಂದ ಈ ವಾದವನ್ನು ತಳ್ಳಿಹಾಕಿದರು. ಭಯದ ಕಾರಣದಿಂದಲೇ ಒಬ್ಬನು ತನ್ನನ್ನು ಅಡಗಿಸಿಕೊಳ್ಳಬೇಕಾದರೆ, ಆ ಅಡಗುವಿಕೆಯನ್ನೇ ಸುರಕ್ಷತೆಯೆಂದು ಕರೆಯಲಾಗದು ಎಂಬುದು ತೀರ್ಪಿನ ತಿರುಳು. ನಾಜಿಗಳಿಂದ ತಪ್ಪಿಸಿಕೊಳ್ಳಲು ಅಟ್ಟದ ಮೇಲೆ ಅಡಗಿದ್ದ ಬಾಲಕಿ ಆನ್ ಫ್ರಾಂಕಳ ಉದಾಹರಣೆಯೂ ಅಲ್ಲಿ ಬಂದಿದೆ. ಅಡಗುದಾಣವಿತ್ತಲ್ಲ, ಅವಳಿಗೆ ಆಶ್ರಯದ ಅಗತ್ಯವೇನಿತ್ತು ಎಂದು ಯಾರಾದರೂ ಕೇಳುವರೇ?

ಇಟಿಕ್ಯಾಲದ ಓದುಗರಿಗೆ ಲಂಡನ್ನಿನ ಈ ತೀರ್ಪು ಏಕೆ ಎಂದು ಕೆಲವರಾದರೂ ಕೇಳಬಹುದು. ಅಡಗಿ ಬಾಳು ಎಂಬ ಉಪದೇಶವನ್ನು ನಾವೂ ಕೇಳಿದವರೇ. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ಗದ್ವಾಲ ಮತ್ತು ಆಲಂಪುರ ತಾಲ್ಲೂಕುಗಳು ರಾಯಚೂರು ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರಪ್ರದೇಶಕ್ಕೆ ಸೇರಿದವು. ಅಂದಿನಿಂದ ಇಂದಿನವರೆಗೆ “ಕನ್ನಡವನ್ನು ಮನೆಯೊಳಗೆ ಆಡಿಕೊಳ್ಳಿ, ಶಾಲೆಯಲ್ಲೇಕೆ, ಕಚೇರಿಯಲ್ಲೇಕೆ” ಎಂಬ ಮಾತು ನಮ್ಮ ಕಿವಿಗೆ ಹೊಸದಲ್ಲ. ಅದೇ 1956ರಲ್ಲಿ ಏಳನೆಯ ತಿದ್ದುಪಡಿಯ ಮೂಲಕ ಸಂವಿಧಾನಕ್ಕೆ 350ಎ ವಿಧಿ ಸೇರಿ, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣ ದೊರೆಯಬೇಕೆಂದು ಹೇಳಿತು. ಆ ಬಲದ ಮೇಲೆಯೇ ನಾವು ಶಾಲೆಗಳನ್ನೂ ಪಠ್ಯಪುಸ್ತಕಗಳನ್ನೂ ಶಿಕ್ಷಕರನ್ನೂ ಕೇಳುತ್ತ ಬಂದಿದ್ದೇವೆ. ಕನ್ನಡದಲ್ಲಿ ಸಲಿಂಗಪ್ರೇಮಿಗಳನ್ನೂ ತೃತೀಯ ಲಿಂಗಿಗಳನ್ನೂ ಒಟ್ಟಾಗಿ ‘ಲೈಂಗಿಕ ಅಲ್ಪಸಂಖ್ಯಾತರು’ ಎಂದು ಕರೆಯುವ ರೂಢಿಯಿದೆ. ಹೆಸರಿನ ಅರ್ಧ ಭಾಗ ನಮ್ಮದೇ.

ಆದರೆ ಒಂದು ದೊಡ್ಡ ವ್ಯತ್ಯಾಸವನ್ನು ಮರೆಯಬಾರದು. ಕನ್ನಡದ ಮಗುವಿಗೆ ಹೊರಗೆ ಏನೇ ಆಗಲಿ, ಮನೆಗೆ ಬಂದರೆ ತಾಯಿಯೂ ಅದೇ ಭಾಷೆಯವಳು, ಅಜ್ಜಿಯೂ ಅದೇ ಭಾಷೆಯವಳು. ಸಲಿಂಗಪ್ರೇಮಿಯಾದ ಮಗುವಾದರೋ ತನ್ನ ಮನೆಯಲ್ಲಿಯೇ ಒಂಟಿ ಅಲ್ಪಸಂಖ್ಯಾತ. ಅದು ಮೊದಲು ಹೆದರುವುದು ಸರ್ಕಾರಕ್ಕಲ್ಲ, ತಂದೆಗೆ. ಆದ್ದರಿಂದ ಅದರ ಪಾಲಿಗೆ ಮೊದಲ ಗಡಿ ಮನೆಯ ಹೊಸ್ತಿಲೇ. ಅದನ್ನು ದಾಟಿದವರು ಎರ್ರವಲ್ಲಿ ಚೌರಸ್ತಾದಲ್ಲಿ ಬಸ್ಸು ಹತ್ತಿದರೆ ಒಂದೇ ಹೆದ್ದಾರಿಯ ಒಂದು ತುದಿಗೆ ಹೈದರಾಬಾದು, ಇನ್ನೊಂದು ತುದಿಗೆ ಬೆಂಗಳೂರು. ಪರದೇಶಕ್ಕೆ ಹೋಗಿ ಆಶ್ರಯ ಕೇಳುವ ಶಕ್ತಿ ಎಷ್ಟು ಜನರಿಗಿದೆ? ನಮ್ಮ ಸೀಮೆಯಿಂದ ಓಡಿಹೋಗುವವರಿಗೆ ಮಹಾನಗರವೇ ವಿದೇಶ.

ಇಂಥದೇ ಒಂದು ಓಟದ ಕಥೆ ಮದ್ರಾಸ್ ಹೈಕೋರ್ಟಿನ ಕಡತದಲ್ಲಿದೆ. ಪರಸ್ಪರ ಪ್ರೀತಿಸಿದ ಇಬ್ಬರು ಯುವತಿಯರು ಮದುರೆಯಿಂದ ಚೆನ್ನೈಗೆ ಬಂದರು. ಹೆತ್ತವರು ಕಾಣೆಯಾಗಿದ್ದಾರೆಂದು ದೂರು ಕೊಟ್ಟರು. ಪೊಲೀಸರು ಹುಡುಕಿಕೊಂಡು ಬಂದರು. ರಕ್ಷಣೆ ಕೋರಿ ಅವರು ನ್ಯಾಯಾಲಯಕ್ಕೆ ಹೋದಾಗ ನ್ಯಾಯಮೂರ್ತಿ ಆನಂದ್ ವೆಂಕಟೇಶ್ ಅಪರೂಪದ ಕೆಲಸವೊಂದನ್ನು ಮಾಡಿದರು. ಈ ವಿಷಯದಲ್ಲಿ ತಮಗೆ ತಿಳಿವಳಿಕೆ ಸಾಲದೆಂದು ಬಹಿರಂಗವಾಗಿ ಬರೆದು, ಮನಶ್ಶಾಸ್ತ್ರಜ್ಞರ ಬಳಿ ತಾವೇ ಹೋಗಿ ಕುಳಿತು ಕಲಿತರು. ಅನಂತರ 2021ರ ಜೂನ್ 7ರಂದು ಆದೇಶ ನೀಡಿದರು. ಕಾಣೆಯಾದವರು ವಯಸ್ಕರು, ಸ್ವಇಚ್ಛೆಯಿಂದ ಜೊತೆಗಿದ್ದಾರೆ ಎಂದು ತಿಳಿದ ಮೇಲೆ ಪೊಲೀಸರು ಹೇಳಿಕೆ ಪಡೆದು ದೂರನ್ನು ಮುಕ್ತಾಯಗೊಳಿಸಬೇಕು, ಕಿರುಕುಳ ಕೊಡಬಾರದು ಎಂದಿತು ಆ ಆದೇಶ. ಸಲಿಂಗಪ್ರೇಮವನ್ನು ‘ವಾಸಿಮಾಡುವ’ ಚಿಕಿತ್ಸೆಯನ್ನೂ ಅದು ನಿಷೇಧಿಸಿತು.

ಆ ಪ್ರಕರಣದಲ್ಲಿ ನಮ್ಮನ್ನು ಹೆಚ್ಚು ಕಾಡುವುದು ಹೆತ್ತವರ ಮಾತು. ಸಮಾಲೋಚನೆಯಲ್ಲಿ ಅವರು ಹೇಳಿದ್ದರ ಸಾರವಿಷ್ಟು: ನಮ್ಮ ಹೆಣ್ಣುಮಕ್ಕಳು ಬಾಳಿನುದ್ದಕ್ಕೂ ಒಂಟಿಯಾಗಿ, ಬ್ರಹ್ಮಚರ್ಯದಲ್ಲಿ ಇದ್ದರೂ ಸರಿಯೇ, ಈ ಜೊತೆ ಬೇಡ. ಅವರು ಕ್ರೂರಿಗಳಲ್ಲ, ನೆರೆಹೊರೆಯ ಮಾತಿಗೆ, ಮಕ್ಕಳ ನಾಳೆಗೆ ಹೆದರಿದವರು. ಆದರೆ ಅವರು ಕೇಳಿದ್ದೂ, ಇರಾನಿನವನಿಗೆ ಬ್ರಿಟನ್ನಿನ ಅಧಿಕಾರಿಗಳು ವಿಧಿಸಿದ್ದೂ ಒಂದೇ ಷರತ್ತು. ನೀನು ಇರು, ಆದರೆ ನೀನಾಗಿ ಇರಬೇಡ.

ನಮ್ಮ ಕಡೆ ಇನ್ನೊಂದು ಹಳೆಯ ಹಾದಿಯೂ ಇತ್ತು. ಬಳ್ಳಾರಿ ಸೀಮೆಯ ಮಂಜಮ್ಮ ಜೋಗತಿಯವರನ್ನು ಹದಿಹರೆಯದಲ್ಲಿ ಹುಲಿಗೆಮ್ಮನ ಸನ್ನಿಧಿಯಲ್ಲಿ ಜೋಗತಿಯಾಗಿ ಬಿಟ್ಟರು. ಆಮೇಲೆ ಮನೆಯ ಬಾಗಿಲು ಮುಚ್ಚಿತು. ಭಿಕ್ಷೆ ಬೇಡಿದರು, ಸಾಯಲೂ ಯತ್ನಿಸಿದರು. ಜೋಗತಿ ನೃತ್ಯ ಅವರ ಕೈಹಿಡಿಯಿತು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಬಂದಿತು. ದೇವಿಯ ಹೆಸರಿನಲ್ಲಿ ಸಮಾಜ ಒಂದು ಮೂಲೆಯನ್ನಾದರೂ ಬಿಟ್ಟುಕೊಟ್ಟಿತ್ತು. ಆ ಮೂಲೆ ತೃತೀಯ ಲಿಂಗಿಗಳದು. ಗಂಡಾಗಿಯೇ ಇದ್ದು ಗಂಡನ್ನು ಪ್ರೀತಿಸುವವನಿಗೆ ಅದೂ ಇರಲಿಲ್ಲ; ಅವನ ಪಾಲಿಗೆ ಬೈಗುಳವೇ ಹೆಸರು. 2013ರಲ್ಲಿ ಸಂಡೂರಿನ ವಸುಧೇಂದ್ರ ಅವರ ‘ಮೋಹನಸ್ವಾಮಿ’ ಪ್ರಕಟವಾದದ್ದು ಈ ಕಾರಣಕ್ಕೇ ಮುಖ್ಯ. ತಾನು ಸಲಿಂಗಪ್ರೇಮಿ ಎಂದು ಕನ್ನಡದ ಹೆಸರಾಂತ ಕತೆಗಾರರೊಬ್ಬರು ಮುಚ್ಚುಮರೆಯಿಲ್ಲದೆ ಹೇಳಿದರು. ಆ ಬದುಕನ್ನು ಮರ್ಯಾದೆಯಿಂದ ಮಾತಾಡುವ ಕನ್ನಡವೂ ಅದರೊಂದಿಗೆ ಬಂದಿತು.

ಕಾನೂನು ಈಚಿನ ವರ್ಷಗಳಲ್ಲಿ ವೇಗವಾಗಿಯೇ ನಡೆದಿದೆ. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟು ವಯಸ್ಕರ ಒಪ್ಪಿಗೆಯ ಸಂಬಂಧವನ್ನು 377ನೆಯ ಕಲಮಿನ ಅಪರಾಧದಿಂದ ಹೊರಗಿಟ್ಟಿತು. 2023ರ ಜುಲೈಯಲ್ಲಿ ತೆಲಂಗಾಣ ಹೈಕೋರ್ಟು, ತೃತೀಯ ಲಿಂಗಿಗಳ ಹೆಸರುಗಳನ್ನು ಪಟ್ಟಿಮಾಡಿ ಕಣ್ಗಾವಲಿಡಲು ಅಧಿಕಾರ ಕೊಡುತ್ತಿದ್ದ ನಿಜಾಮರ ಕಾಲದ, ಫಸಲಿ 1329ರ ಕಾಯಿದೆಯನ್ನು ರದ್ದುಗೊಳಿಸಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಸಲಿಂಗ ವಿವಾಹಕ್ಕೆ ಮಾನ್ಯತೆ ನೀಡಲು ಸುಪ್ರೀಂ ಕೋರ್ಟು ಒಪ್ಪಲಿಲ್ಲ. 1951ರ ನಿರಾಶ್ರಿತರ ಒಪ್ಪಂದಕ್ಕೆ ಭಾರತ ಸಹಿಹಾಕಿಲ್ಲವಾದ್ದರಿಂದ, ಹೊರದೇಶದಿಂದ ಓಡಿಬಂದ ಸಲಿಂಗಪ್ರೇಮಿಗೆ ಇಲ್ಲಿ ಕಾನೂನಿನ ಆಶ್ರಯವೂ ಗಟ್ಟಿಯಾಗಿಲ್ಲ.

ಇಷ್ಟಾದರೂ ಯಾವ ನ್ಯಾಯಾಲಯವೂ ತಾಯಿಗೆ ಮಗನನ್ನು ಒಪ್ಪಿಕೋ ಎಂದು ಆದೇಶಿಸಲಾರದು. ಅದು ಮನೆಯಲ್ಲಿ ನಿರ್ಧಾರವಾಗುವ ಮಾತು. ಆ ನಿರ್ಧಾರಕ್ಕೆ ಸಮಯ ಬೇಕು, ಅತ್ತುಕೊಳ್ಳಲೂ ಅವಕಾಶ ಬೇಕು ಎಂಬುದನ್ನು ನಾವು ಬಲ್ಲೆವು. ಆ ನಡುವಿನ ದಿನಗಳಲ್ಲಿ ಮಾಡಬಾರದ ಕೆಲಸಗಳು ಕೆಲವಿವೆ. ಮದುವೆ ಮಾಡಿದರೆ ಸರಿಹೋಗುತ್ತದೆಂದು ಹೆಣ್ಣು ಹುಡುಕುವುದು ಬೇಡ. ಅದರಿಂದ ಮತ್ತೊಂದು ಮನೆಯ ಮಗಳ ಬಾಳೂ ಕೆಡುತ್ತದೆ. ವಾಸಿಮಾಡುವೆನೆನ್ನುವ ವೈದ್ಯರ ಬಳಿ ಹೋಗುವುದೂ ಬೇಡ. ಇದು ರೋಗವಲ್ಲವೆಂದು ಭಾರತೀಯ ಮನೋವೈದ್ಯರ ಸಂಘವೇ 2018ರಲ್ಲಿ ಹೇಳಿದೆ. ಅಂಥ ಚಿಕಿತ್ಸೆ ವೃತ್ತಿದ್ರೋಹವೆಂದು 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಸ್ಪಷ್ಟಪಡಿಸಿದೆ. ಮಾತಾಡಲು ಯಾರಾದರೂ ಬೇಕೆನಿಸಿದರೆ, ಹೆತ್ತವರಿಗಾಗಲಿ ಮಗುವಿಗಾಗಲಿ, ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಕರೆ ಉಚಿತ. ಅದರ ಭಾಷೆಗಳ ಪಟ್ಟಿಯಲ್ಲಿ ಕನ್ನಡವೂ ಇದೆ.